ಯಾರ ನೀರು ಇದು?

ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಬೇಸಿಗೆ ಜೂನ್‌ಗೆ ಶುರುವಾದರೆ ಸೆಪ್ಟೆಂಬರ್‌ವರೆಗೂ ಬಿಡುವುದಿಲ್ಲ. 2023ರಲ್ಲಂತೂ ಜುಲೈ, ಆಗಸ್ಟ್ ಸೇರಿ ಸತತ 45 ದಿನ ಬಿಸಿಲು 100 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತು. ನಮ್ಮ ಲೆಕ್ಕದಲ್ಲಿ 38 ಡಿಗ್ರಿ. ಅದಕ್ಕೆ ಮುಂಚಿನ ದಾಖಲೆ 2011ರದ್ದು, 27 ದಿನ. ಹಳೆಯ ದಾಖಲೆ ಮುರಿದ ಮೇಲೂ ಬಿಸಿಲು ಇಳಿಯಲಿಲ್ಲ.

ಶಾಲೆಗೆ ರಜೆ. ಆಟದ ಮೈದಾನದ ಜಾರುಬಂಡೆ ಮುಟ್ಟಿದರೆ ಕೈ ಚುರ್ ಅನ್ನುತ್ತದೆ. ಮನೆಯಲ್ಲಿ ಏಸಿ ಇದೆ, ನಿಜ. ಆದರೆ ಆರು ವರ್ಷದ ಮಗಳು, ಮೂರು ವರ್ಷದ ಮಗ ನಾಲ್ಕು ಗೋಡೆ ಮಧ್ಯೆ ಎಷ್ಟು ಹೊತ್ತು ಅಂತ ಇರ್ತಾರೆ? ವಾಟರ್ ಪಾರ್ಕ್ ಅಂದರೆ ಇಡೀ ಮನೆಗೆ ಟಿಕೆಟ್. ಈಜುಕೊಳಕ್ಕೆ ಒಬ್ಬಳೇ ಇಬ್ಬರನ್ನೂ ಕರೆದುಕೊಂಡು ಹೋಗಲು ನನಗೆ ಧೈರ್ಯವಿಲ್ಲ. ಆ ಬೇಸಿಗೆಯನ್ನು ನಾವು ದಾಟಿದ್ದು ನಗರದ ಸ್ಪ್ಲಾಶ್ ಪ್ಯಾಡ್‌ಗಳಿಂದ. ಅವು ಪುಕ್ಕಟೆ. ಯಾರು ಬೇಕಾದರೂ ಬರಬಹುದು.

ಊರಲ್ಲಿ ಓದುವವರಿಗಾಗಿ ಒಂದು ಮಾತು. ಸ್ಪ್ಲಾಶ್ ಪ್ಯಾಡ್ ಅಂದರೆ ಪಾರ್ಕ್‌ನೊಳಗೆ ಒಂದು ದೊಡ್ಡ ಅಂಗಳದಷ್ಟು ಜಾಗ. ನೆಲ ಕಾಂಕ್ರೀಟ್ ಇರಬಹುದು, ಮೆತ್ತನೆ ರಬ್ಬರ್ ಇರಬಹುದು. ನೀರು ನೆಲದಿಂದ ಚಿಮ್ಮುತ್ತದೆ, ಕಂಬಗಳಿಂದ ಸುರಿಯುತ್ತದೆ, ಮೇಲೆ ತೂಗುವ ಬಕೆಟ್ ತುಂಬಿ ಮಗುಚಿಕೊಳ್ಳುತ್ತದೆ. ನೀರು ಎಲ್ಲೂ ನಿಲ್ಲುವುದಿಲ್ಲ. ಬಿದ್ದ ಕೂಡಲೇ ಜಾಲರಿ ಕೆಳಗೆ ಇಳಿದು ಹೋಗುತ್ತದೆ. ಮುಳುಗುವಷ್ಟು ಆಳ ಇಲ್ಲದ್ದರಿಂದ ಲೈಫ್‌ಗಾರ್ಡ್ ಬೇಡ, ಹಾಗಾಗಿ ನಡೆಸುವ ಖರ್ಚೂ ಈಜುಕೊಳಕ್ಕಿಂತ ಕಡಿಮೆ. ಅಮೆರಿಕದಲ್ಲಿ ಒಂದರಿಂದ ನಾಲ್ಕು ವರ್ಷದ ಮಕ್ಕಳ ಸಾವಿಗೆ ಎಲ್ಲಕ್ಕಿಂತ ದೊಡ್ಡ ಕಾರಣ ನೀರಲ್ಲಿ ಮುಳುಗುವುದು. ಅದು ಗೊತ್ತಿರುವ ತಾಯಿಗೆ, ನಿಲ್ಲದ ನೀರು ಎಷ್ಟು ಸಮಾಧಾನ ಕೊಡುತ್ತದೆ ಅಂತ ಬೇರೆ ಹೇಳಬೇಕಿಲ್ಲ.

ನಮಗೆ ಜಾಸ್ತಿ ಇಷ್ಟವಾದದ್ದು ಬಟ್ಲರ್ ಪಾರ್ಕ್‌ನ ಲಿಜ್ ಕಾರ್ಪೆಂಟರ್ ಕಾರಂಜಿ. ಲೇಡಿ ಬರ್ಡ್ ಕೆರೆಯ ದಕ್ಷಿಣ ದಂಡೆಯ ಕಡೆ ಇದೆ. ಪಕ್ಕದಲ್ಲೇ ಡಗ್ ಸಾಮ್ ಅನ್ನುವ ಸಂಗೀತಗಾರನ ಹೆಸರಿನ ಪುಟ್ಟ ಗುಡ್ಡ. ಹತ್ತಿ ನಿಂತರೆ ಕೆರೆಯಾಚೆಗಿನ ಎತ್ತರದ ಕಟ್ಟಡಗಳೆಲ್ಲ ಕಾಣುತ್ತವೆ. ಲಿಜ್ ಕಾರ್ಪೆಂಟರ್ ಪತ್ರಕರ್ತೆ, ಅಮೆರಿಕದ ಅಧ್ಯಕ್ಷರಾಗಿದ್ದ ಲಿಂಡನ್ ಜಾನ್ಸನ್ ಅವರ ಹೆಂಡತಿ ಲೇಡಿ ಬರ್ಡ್ ಜಾನ್ಸನ್ ಅವರ ಪತ್ರಿಕಾ ಕಾರ್ಯದರ್ಶಿ. 1963ರಲ್ಲಿ ಅಧ್ಯಕ್ಷ ಕೆನಡಿ ಹತ್ಯೆಯಾದ ದಿನ ವಾಷಿಂಗ್ಟನ್ ಹತ್ತಿರ ವಿಮಾನ ಇಳಿದು ಹೊಸ ಅಧ್ಯಕ್ಷ ಲಿಂಡನ್ ಜಾನ್ಸನ್ ಓದಿದ ಪುಟ್ಟ ಹೇಳಿಕೆ ಬರೆದದ್ದು ಇವರೇ. ಅಂಥ ಗಟ್ಟಿ ಹೆಂಗಸಿನ ಹೆಸರು ಮಕ್ಕಳು ಕಿರುಚಾಡುವ ನೀರಿಗೆ ಇಟ್ಟಿರುವುದು ನನಗೆ ತುಂಬಾ ಹಿಡಿಸಿತು.

ಆ ಕಾರಂಜಿಗೆ ಕಟ್ಟೆ ಇಲ್ಲ, ಬೇಲಿ ಇಲ್ಲ. ನೆಲದಲ್ಲಿ ಪುಟ್ಟ ಪುಟ್ಟ ತೂತು, ಅಷ್ಟೇ. ಎಲ್ಲ ಸುಮ್ಮನಿರುತ್ತದೆ. ಇದ್ದಕ್ಕಿದ್ದಂತೆ ಒಂದು ತೂತಿಂದ ಮೊಣಕಾಲೆತ್ತರ ನೀರು ಏಳುತ್ತದೆ. ಪಕ್ಕದ್ದು ಏಳುತ್ತದೆ. ನೋಡನೋಡುತ್ತಾ ಎಲ್ಲವೂ ದೊಡ್ಡವರ ತಲೆ ಮೀರಿ ಹೋಗುತ್ತವೆ. ನನ್ನ ಮಗ ಮೊದಲ ಸಲ ಹೋದಾಗ ನೀರೊಳಗೆ ಕಾಲಿಡಲಿಲ್ಲ. ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಒಂದೇ ತೂತನ್ನು ನೋಡುತ್ತಿದ್ದ. ನೀರು ಎದ್ದಾಗ ಹಿಂದೆ ಸರಿಯುವುದು, ಇಳಿದಾಗ ಮುಂದೆ ಬರುವುದು. ಆಮೇಲೆ ಒಂದು ಬೆರಳು ಇಟ್ಟ. ಆಮೇಲೆ ಅಂಗೈ. ನೀರು ಅಂಗೈಯನ್ನು ಮೇಲಕ್ಕೆ ಒತ್ತಿತು. ಅವನು ಜೋರಾಗಿ ಒತ್ತಿದ. ನೀರು ಬೆರಳ ಸಂದಿಯಿಂದ ನಾಲ್ಕೂ ಕಡೆ ಸಿಡಿದು ಮುಖಕ್ಕೇ ಹೊಡೆಯಿತು. ಒಂದು ಕ್ಷಣ ಅಳುವುದೋ ನಗುವುದೋ ಅಂತ ನನ್ನ ಮುಖ ನೋಡಿದ. ನಾನು ನಕ್ಕೆ. ಆಮೇಲೆ ಅವನನ್ನು ಅಲ್ಲಿಂದ ಎಬ್ಬಿಸಲು ಆಗಲೇ ಇಲ್ಲ.

ಆ ವರ್ಷ ಅಮ್ಮ ಬಂದಿದ್ದಳು. ಚಳ್ಳಕೆರೆ ಕಡೆಯವಳು. ಕರ್ನಾಟಕದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆ ಅದು. ನೀರು ತುಂಬಿಡುವುದು, ಅಳೆದು ಬಳಸುವುದು ಅವಳ ಕೈಗೆ ಹತ್ತಿದ ಅಭ್ಯಾಸ. ನಮ್ಮ ಅಡುಗೆಮನೆಯಲ್ಲೂ ಅಕ್ಕಿ ತೊಳೆದ ನೀರನ್ನು ಬೋಗುಣಿಗೆ ಹಿಡಿದು ಕರಿಬೇವಿನ ಗಿಡಕ್ಕೆ ಹಾಕುತ್ತಿದ್ದಳು. ಅವಳನ್ನು ಕಾರಂಜಿ ಪಕ್ಕ ನೆರಳಲ್ಲಿ ಕೂರಿಸಿದೆ. ಬಹಳ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ಕೇಳಿದಳು.

“ಇಷ್ಟು ನೀರು ಹಿಂಗೆ ಸುಮ್ನೆ ಬಿಟ್ಟವ್ರಲ್ಲೇ. ಯಾರ ನೀರು ಇದು?”

“ಊರವರದ್ದಮ್ಮ. ನಗರಸಭೆದು.”

“ಅಂದ್ರೆ ನಿಮ್ಮದೂನಾ?”

“ಹೂಂ. ನಾವೂ ಟ್ಯಾಕ್ಸ್ ಕಟ್ತೀವಲ್ಲ.”

“ಕಟ್ಟದವರು?”

“ಅವರದ್ದೂ.”

ಅವಳು ತಲೆಯಾಡಿಸಿದಳು. ಒಪ್ಪಿದ್ದೋ ಇಲ್ಲವೋ ಗೊತ್ತಾಗಲಿಲ್ಲ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಈ ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ, ಯಾರು ಕಾಯುತ್ತಾರೆ, ಯಾರಿಗೆ ಬಾಗಿಲು ತೆರೆದಿದೆ, ಒಂದು ಕಾಲದಲ್ಲಿ ಯಾರಿಗೆ ಮುಚ್ಚಿತ್ತು? ಮಕ್ಕಳು ಆಡುತ್ತಿರುವಾಗ, ರಾತ್ರಿ ಅವರು ಮಲಗಿದ ಮೇಲೆ, ಇದನ್ನೇ ಓದುತ್ತಾ ಹೋದೆ.

ಆಸ್ಟಿನ್‌ಗೆ ನೀರು ಬರುವುದು ಕೊಲರಾಡೊ ನದಿಯಿಂದ. ಗ್ರ್ಯಾಂಡ್ ಕ್ಯಾನ್ಯನ್ ಕೊರೆದ ಕೊಲರಾಡೊ ಅದಲ್ಲ, ಇದು ಟೆಕ್ಸಾಸ್‌ನದೇ ನದಿ. ಅದಕ್ಕೆ ಸಾಲಾಗಿ ಅಣೆಕಟ್ಟು ಕಟ್ಟಿದ್ದಾರೆ. ಅದರಲ್ಲಿ ಟ್ರಾವಿಸ್ ಜಲಾಶಯ ನಮ್ಮ ನಲ್ಲಿಯ ಜೀವಾಳ. ಆ ಬೇಸಿಗೆಯಲ್ಲಿ ಟ್ರಾವಿಸ್ ತುಂಬಾ ಕೆಳಗಿಳಿಯಿತು. ಆಗಸ್ಟ್ ಮಧ್ಯದಲ್ಲಿ ನಗರ ಬರದ ಎರಡನೇ ಹಂತದ ನಿಯಮ ಜಾರಿ ಮಾಡಿ, ಹುಲ್ಲಿಗೆ ನೀರು ಬಿಡುವ ಸಮಯ ಕಡಿಮೆ ಮಾಡಿತು. ಅಮ್ಮನ ಕಳವಳ ಸುಮ್ಮನೆ ಅಲ್ಲ.

ಸ್ಪ್ಲಾಶ್ ಪ್ಯಾಡ್‌ಗಳಲ್ಲಿ ಎರಡು ಥರ ಇವೆ. ಒಂದರಲ್ಲಿ ಕುಡಿಯುವ ನೀರು ನೇರ ನಲ್ಲಿಯಿಂದ ಬಂದು, ಒಂದು ಸಲ ಮಕ್ಕಳ ಮೇಲೆ ಬಿದ್ದು, ಚರಂಡಿಗೆ ಹೋಗುತ್ತದೆ. ಕೆಲವು ಕಡೆ ಆ ನೀರನ್ನು ಪಾರ್ಕಿನ ಗಿಡಗಳಿಗೆ ತಿರುಗಿಸುತ್ತಾರೆ. ಇನ್ನೊಂದರಲ್ಲಿ ನೆಲದ ಕೆಳಗೆ ತೊಟ್ಟಿ ಇರುತ್ತದೆ. ಬಿದ್ದ ನೀರು ಅಲ್ಲಿಗೆ ಇಳಿದು, ಸೋಸಿ, ಕ್ಲೋರಿನ್ ಬೆರೆತು, ಒಳ್ಳೆಯ ಕಡೆಗಳಲ್ಲಿ ಅಲ್ಟ್ರಾವಯಲೆಟ್ ದೀಪದ ಮುಂದೆ ಹಾದು, ಮತ್ತೆ ಮೇಲೆ ಚಿಮ್ಮುತ್ತದೆ. ಮೊದಲನೆಯದರಲ್ಲಿ ನೀರು ಜಾಸ್ತಿ ಖರ್ಚು, ರೋಗದ ಭಯ ಕಡಿಮೆ. ಎರಡನೆಯದರಲ್ಲಿ ನೀರು ಉಳಿಯುತ್ತದೆ, ಆದರೆ ದಿನಾ ನೋಡಿಕೊಳ್ಳುವ ಜನ ಬೇಕೇ ಬೇಕು.

ನೀರು ಉಳಿಸುವ ಇನ್ನೊಂದು ಉಪಾಯ ಬಡಾವಣೆಯ ಚಿಕ್ಕ ಸ್ಪ್ಲಾಶ್ ಪ್ಯಾಡ್‌ಗಳಲ್ಲಿ ನೋಡಬಹುದು. ಅಲ್ಲಿ ಸೊಂಟದೆತ್ತರದ ಒಂದು ಕಂಬ. ಅದರ ತಲೆ ಮೇಲೆ ಕೈ ಇಟ್ಟರೆ ನೀರು ಶುರು. ಕೆಲವು ನಿಮಿಷ ಆದ ಮೇಲೆ ತಾನೇ ನಿಲ್ಲುತ್ತದೆ. ಯಾರೂ ಇಲ್ಲದಾಗ ಹರಿಯುವುದೇ ಇಲ್ಲ. ಇದು ಎಂಜಿನಿಯರುಗಳು ನೀರಿಗಾಗಿ ಮಾಡಿದ ಏರ್ಪಾಡು. ಆದರೆ ಮಕ್ಕಳ ಮಧ್ಯೆ ಅದು ಬೇರೆಯೇ ಕೆಲಸ ಮಾಡುತ್ತದೆ. ನೀರು ನಿಂತ ತಕ್ಷಣ ಎಲ್ಲ ಮಕ್ಕಳೂ ಇದ್ದಲ್ಲೇ ನಿಲ್ಲುತ್ತಾರೆ. ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಅಷ್ಟು ಹೊತ್ತು ಅವರವರ ಲೋಕದಲ್ಲಿದ್ದವರು ಆಗ ಒಂದು ಗುಂಪಾಗುತ್ತಾರೆ. ಯಾರೋ ಒಬ್ಬರು ಕಂಬದ ಕಡೆ ಓಡುತ್ತಾರೆ. ನನ್ನ ಮಗಳು ಮೊದಲು ಸಂಕೋಚದಿಂದ ಹಿಂದೆ ಇರುತ್ತಿದ್ದಳು. ಒಂದು ದಿನ ಸ್ಪ್ಯಾನಿಶ್ ಮಾತಾಡುವ ಹುಡುಗಿಯೊಬ್ಬಳು ಇವಳ ಕೈ ಹಿಡಿದು ಎಳೆದುಕೊಂಡು ಹೋಗಿ, ಕಂಬದ ಮೇಲೆ ಇಬ್ಬರ ಅಂಗೈಯನ್ನೂ ಒಟ್ಟಿಗೆ ಇಟ್ಟಳು. ಅವತ್ತಿನಿಂದ ಪಾಳಿ ಶುರುವಾಯಿತು. ಒಂದು ಸಲ ನೀನು, ಒಂದು ಸಲ ನಾನು, ಒಂದು ಸಲ ಆ ಪುಟ್ಟ ಹುಡುಗ. ಅವನಿಗೆ ಕಂಬ ಎಟುಕುತ್ತಿರಲಿಲ್ಲ, ಇಬ್ಬರೂ ಸೇರಿ ಎತ್ತುತ್ತಿದ್ದರು. ದೊಡ್ಡವರು ಯಾರೂ ಹೇಳಿಕೊಟ್ಟದ್ದಲ್ಲ.

ಇನ್ನೊಂದು ದಿನ ಹತ್ತು ಹನ್ನೆರಡು ವರ್ಷದ ಹುಡುಗನೊಬ್ಬ ಗಾಲಿಕುರ್ಚಿಯಲ್ಲಿ ಬಂದ. ಜೊತೆಗೆ ಅವನ ಅಜ್ಜಿ. ಈಜುಕೊಳದಲ್ಲಾದರೆ ಮೆಟ್ಟಿಲು, ಏಣಿ, ಎತ್ತಿ ಇಳಿಸುವ ಯಂತ್ರ, ಕಾಯುವುದು. ಇಲ್ಲಿ ನೆಲ ಸಮತಟ್ಟು. ಅವನು ತಾನೇ ಗಾಲಿ ತಿರುಗಿಸಿಕೊಂಡು ನೇರ ಸುರಿಯುವ ಕಮಾನಿನ ಕೆಳಗೆ ಹೋದ. ಅಲ್ಲೇ ನಿಂತ. ತಲೆ ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿದ. ಯಾರ ಸಹಾಯವೂ ಬೇಕಾಗಲಿಲ್ಲ. ಅವನ ಅಜ್ಜಿ ನನ್ನ ಅಮ್ಮನ ಪಕ್ಕದ ಬೆಂಚಿಗೆ ಬಂದು ಕೂತರು. ಇಬ್ಬರಿಗೂ ಒಂದೇ ಭಾಷೆ ಬರುವುದಿಲ್ಲ. ಅಮ್ಮ ಡಬ್ಬಿ ತೆರೆದು ಕೋಡುಬಳೆ ಮುಂದೆ ಹಿಡಿದಳು. ಅವರು ಎರಡು ತೆಗೆದುಕೊಂಡರು.

ಕಷ್ಟದ ಮಾತನ್ನೂ ಹೇಳಲೇಬೇಕು. 2021ರ ಸೆಪ್ಟೆಂಬರ್‌ನಲ್ಲಿ ಇದೇ ಟೆಕ್ಸಾಸ್‌ನ ಆರ್ಲಿಂಗ್ಟನ್‌ನಲ್ಲಿ ಸಾರ್ವಜನಿಕ ಸ್ಪ್ಲಾಶ್ ಪ್ಯಾಡ್‌ನಲ್ಲಿ ಆಡಿದ ಒಂದು ಮಗು ತೀರಿಕೊಂಡಿತು. ನೀಗ್ಲೇರಿಯ ಫೌಲೆರಿ ಅನ್ನುವ ಅಮೀಬಾ. ಕೇರಳದ ಸುದ್ದಿಯಲ್ಲಿ ಇತ್ತೀಚೆಗೆ ಆಗಾಗ ಕೇಳಿಬರುವ ‘ಮೆದುಳು ತಿನ್ನುವ ಅಮೀಬಾ’ ಇದೇ. ನೀರು ಕುಡಿದರೆ ಬರುವುದಿಲ್ಲ, ಮೂಗಿನೊಳಗೆ ನೀರು ಹೋದಾಗ ಬರುತ್ತದೆ. ಬಹಳ ಅಪರೂಪ, ಆದರೆ ಬಂದರೆ ಉಳಿಯುವವರು ಇನ್ನೂ ಅಪರೂಪ. ಆ ನಗರ ತನಿಖೆ ಮಾಡಿದಾಗ, ಕೆಲವು ದಿನ ಕ್ಲೋರಿನ್ ಪರೀಕ್ಷೆಯನ್ನೇ ಮಾಡಿರಲಿಲ್ಲ ಅಂತ ಗೊತ್ತಾಯಿತು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಒಬ್ಬ ಮನುಷ್ಯ ಬೆಳಿಗ್ಗೆ ಬಂದು, ಚಿಕ್ಕ ಕೊಳವೆಯಲ್ಲಿ ನೀರು ಹಿಡಿದು, ಎರಡು ಹನಿ ಔಷಧಿ ಹಾಕಿ, ಬಣ್ಣ ನೋಡಿ, ಪುಸ್ತಕದಲ್ಲಿ ಬರೆದಿಡುವ ಕೆಲಸ. ಅಷ್ಟೇ ಕೆಲಸ. ಅದು ತಪ್ಪಿದರೆ ಏನಾಗಬಹುದು ಅಂತ ಆ ತಂದೆತಾಯಿಗೆ ಗೊತ್ತು.

ಇನ್ನೊಂದು ಕ್ರಿಪ್ಟೊಸ್ಪೊರಿಡಿಯಂ. ಇದು ಭೇದಿ ತರುವ ಜೀವಿ. ಸರಿಯಾಗಿ ಕ್ಲೋರಿನ್ ಹಾಕಿದ ನೀರಲ್ಲೂ ಒಂದು ವಾರಕ್ಕಿಂತ ಜಾಸ್ತಿ ಬದುಕುತ್ತದೆ. 2005ರ ಬೇಸಿಗೆಯಲ್ಲಿ ನ್ಯೂಯಾರ್ಕ್ ರಾಜ್ಯದ ಸೆನೆಕಾ ಲೇಕ್ ಪಾರ್ಕಿನ ನೀರಾಟದಿಂದ ಸಾವಿರಾರು ಜನ ಹೊಟ್ಟೆ ಕೆಟ್ಟು ಮಲಗಿದರು. ಆಮೇಲೆ ಆ ರಾಜ್ಯ ಇಂಥ ಜಾಗಗಳಿಗೆ ಕಟ್ಟುನಿಟ್ಟಿನ ನಿಯಮ ತಂದಿತು. ಅಲ್ಟ್ರಾವಯಲೆಟ್ ದೀಪ ಬೇಕಾಗುವುದು ಈ ಜೀವಿಗಾಗಿಯೇ. ನೀರು ಚಿಮ್ಮುವುದೇ ಒಂದು ತೊಂದರೆ ಅನ್ನುವುದು ನನಗೆ ಹೊಸ ವಿಷಯ. ಹನಿಹನಿಯಾಗಿ ಗಾಳಿಗೆ ಬಿದ್ದಾಗ, ಬಿಸಿಲು ತಾಗಿದಾಗ ಕ್ಲೋರಿನ್ ಬೇಗ ಹಾರಿಹೋಗುತ್ತದೆ. ಹಾಗಾಗಿ ನಿಂತ ಕೊಳಕ್ಕಿಂತ ಇದನ್ನು ಇನ್ನೂ ಹುಷಾರಾಗಿ ನೋಡಿಕೊಳ್ಳಬೇಕು.

ನೋಡಿಕೊಳ್ಳುವ ಕೆಲಸ ನಗರದ್ದು ಮಾತ್ರ ಅಲ್ಲ, ನಮ್ಮದೂ ಹೌದು. ಮಗುವಿಗೆ ಭೇದಿ ಇದ್ದರೆ ಕರೆದುಕೊಂಡು ಹೋಗಲೇಬೇಡಿ, ಎಷ್ಟೇ ಅಳಲಿ. ಕ್ರಿಪ್ಟೊ ಅಂತ ಡಾಕ್ಟರ್ ಹೇಳಿದ್ದರೆ ಭೇದಿ ನಿಂತ ಮೇಲೂ ಎರಡು ವಾರ ನೀರಾಟ ಬೇಡ. ಡೈಪರ್ ಹಾಕುವ ಮಕ್ಕಳಿಗೆ ಈಜುವ ಡೈಪರ್ ಹಾಕಿ, ಆದರೆ ಅದು ಎಲ್ಲವನ್ನೂ ತಡೆಯುತ್ತದೆ ಅಂತ ನಂಬಿ ಕೂರಬೇಡಿ. ಆಗಾಗ ನೋಡಿ, ನೀರಿನಿಂದ ದೂರ ಹೋಗಿ ಬದಲಾಯಿಸಿ. ಚಿಮ್ಮುವ ತೂತಿನ ಮೇಲೆ ಮಕ್ಕಳು ಕೂರದ ಹಾಗೆ ನೋಡಿಕೊಳ್ಳಿ. ನೀರು ಬಾಯಿಗೆ ತುಂಬಿಕೊಂಡು ಉಗುಳುವ ಆಟ ಎಲ್ಲ ಮಕ್ಕಳಿಗೂ ಇಷ್ಟ, ಅದನ್ನು ನಾನು ಕಟ್ಟುನಿಟ್ಟಾಗಿ ನಿಲ್ಲಿಸಿದ್ದೇನೆ. ಮೂಗಿನ ಮಟ್ಟಕ್ಕೆ ಜೋರಾಗಿ ಹೊಡೆಯುವ ನೀರಿಗೆ ಮುಖ ಒಡ್ಡಬಾರದು ಅಂತಲೂ ಹೇಳಿದ್ದೇನೆ. ನೀರು ಮಬ್ಬಾಗಿದ್ದರೆ, ಜಾಲರಿ ಮೇಲೆ ಪಾಚಿ ಕಂಡರೆ, ಕಾರಿಗೆ ವಾಪಸ್. ಮಕ್ಕಳಿಗೆ ಬರುವ ಸಿಟ್ಟನ್ನು ಮನೆಯ ಟಬ್‌ನಲ್ಲಿ ತಣ್ಣಗೆ ಮಾಡಬಹುದು.

ಬಿಸಿಲಿನ ಬಗ್ಗೆ ಹೇಳುವುದು ಕಡಿಮೆ, ಎಲ್ಲರಿಗೂ ಗೊತ್ತಿರುವಂಥದ್ದೇ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋಗಿ, ಹನ್ನೊಂದಕ್ಕೆ ಮನೆ ಸೇರಿ. ಅಥವಾ ಸಂಜೆ ಹೋಗಿ. ನೀರು ಬೀಳುವ ಜಾಗ ತಣ್ಣಗಿದ್ದರೂ ಅದರ ಸುತ್ತಲಿನ ಒಣ ಕಾಂಕ್ರೀಟ್ ಪಾದ ಸುಡುತ್ತದೆ. ರಬ್ಬರ್ ಚಪ್ಪಲಿ ಇರಲಿ, ಜಾರದಂಥದ್ದು. ಬಟ್ಟೆ ಪೂರ್ತಿ ಒಣಗುವ ಮುಂಚೆ ಬದಲಾಯಿಸಲು ಅವಸರ ಮಾಡಬೇಡಿ. ಒದ್ದೆ ಅಂಗಿ ಆರುತ್ತಾ ಮೈಯ ಶಾಖ ಎಳೆದುಕೊಳ್ಳುತ್ತದೆ, ಮಣ್ಣಿನ ಮಡಕೆ ನೀರು ತಣ್ಣಗಾದ ಹಾಗೆ. ನೀರಲ್ಲಿ ಇರುವ ಮಗುವಿಗೆ ಬಾಯಾರಿಕೆ ಗೊತ್ತಾಗುವುದಿಲ್ಲ, ನಾವೇ ಕರೆದು ಕುಡಿಸಬೇಕು. ನಮ್ಮದು ಉಪ್ಪು, ಇಂಗು ಹಾಕಿದ ನೀರುಮಜ್ಜಿಗೆ, ಫ್ಲಾಸ್ಕ್‌ನಲ್ಲಿ. ಗಾಜಿನ ಬಾಟಲಿ ಬೇಡ. ನಿಲ್ಲಿಸಿದ ಕಾರಿನೊಳಗೆ ಹತ್ತೇ ನಿಮಿಷದಲ್ಲಿ 11 ಡಿಗ್ರಿ ಸೆಲ್ಸಿಯಸ್‌ನಷ್ಟು ಶಾಖ ಏರುತ್ತದೆ. ಮಲಗಿದ ಮಗುವನ್ನು ಒಳಗೆ ಬಿಟ್ಟು ‘ಒಂದೇ ನಿಮಿಷ’ ಅಂತ ಹೋಗುವುದು ಬೇಡವೇ ಬೇಡ. ಹೊರಡುವ ಮುಂಚೆ ಯಾವ ಕಾರಂಜಿ ರಿಪೇರಿಯಲ್ಲಿದೆ ಅಂತ ನಗರದ ವೆಬ್‌ಸೈಟ್ ನೋಡಿ. ಮಕ್ಕಳಿಗೆ ಆಸೆ ಹುಟ್ಟಿಸಿ, ಅಲ್ಲಿ ಒಣ ನೆಲ ತೋರಿಸುವುದು ತುಂಬಾ ಬೇಸರದ ಕೆಲಸ.

ಬೇಸಿಗೆಯಲ್ಲಿ ನಗರ ತನ್ನ ಜನರಿಗೆ ನೀರು ಕೊಡುವುದು ಹೊಸತೇನಲ್ಲ. 1896ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಸುಡುಬಿಸಿಲಿಗೆ ಸಾವಿರಕ್ಕೂ ಹೆಚ್ಚು ಜನ ಸತ್ತರು. ಬಹುಪಾಲು ಗಾಳಿಯಾಡದ ಬಾಡಿಗೆ ಕೋಣೆಗಳ ಬಡವರು. ಆಗ ಬೀದಿಗಳಿಗೆ ನೀರು ಬಿಟ್ಟು ತಣ್ಣಗೆ ಮಾಡಿದರು. ಪೊಲೀಸ್ ಮಂಡಳಿಯ ಮುಖ್ಯಸ್ಥರಾಗಿದ್ದ ಥಿಯೊಡೋರ್ ರೂಸ್ವೆಲ್ಟ್ ಬಡವರಿಗೆ ಐಸ್ ಹಂಚಿಸಿದರು. ಇವತ್ತಿಗೂ ಆ ಊರಲ್ಲಿ 18 ತುಂಬಿದವರು ಅಗ್ನಿಶಾಮಕ ಠಾಣೆಗೆ ಹೋಗಿ ಕೇಳಿದರೆ, ಬೀದಿಯ ಹೈಡ್ರಂಟ್‌ಗೆ, ಅಂದರೆ ಬೆಂಕಿ ಆರಿಸಲು ಇಟ್ಟಿರುವ ನೀರಿನ ಕೊಳವೆಗೆ, ತೂತಿನ ಮುಚ್ಚಳ ಹಾಕಿಕೊಡುತ್ತಾರೆ. ಸುಮ್ಮನೆ ತೆರೆದ ಹೈಡ್ರಂಟ್‌ನಿಂದ ನಿಮಿಷಕ್ಕೆ 1,000 ಗ್ಯಾಲನ್‌ಗೂ ಜಾಸ್ತಿ ನೀರು ಹೋಗುತ್ತದೆ. ಮುಚ್ಚಳ ಇದ್ದರೆ ಸುಮಾರು 25 ಗ್ಯಾಲನ್. ಮಕ್ಕಳ ಖುಷಿ ಮಾತ್ರ ಅಷ್ಟೇ.

ಆದರೆ ಈ ದೇಶದಲ್ಲಿ ಸಾರ್ವಜನಿಕ ನೀರು ಎಲ್ಲರದ್ದೂ ಆಗಿರಲಿಲ್ಲ. ಮಿಸಿಸಿಪ್ಪಿಯ ಜಾಕ್ಸನ್ ನಗರದಲ್ಲಿ ಐದು ಸಾರ್ವಜನಿಕ ಈಜುಕೊಳ ಇದ್ದವು. ನಾಲ್ಕು ಬಿಳಿಯರಿಗೆ, ಒಂದು ಕಪ್ಪು ಜನರಿಗೆ. 1960ರ ದಶಕದ ಆರಂಭದಲ್ಲಿ ಈ ಭೇದ ಕಾನೂನಿಗೆ ವಿರುದ್ಧ ಅಂತ ಕೋರ್ಟ್ ಹೇಳಿತು. ನಗರ ಏನು ಮಾಡಿತು? ಎಲ್ಲರನ್ನೂ ಒಟ್ಟಿಗೆ ಬಿಡುವ ಬದಲು ತಾನು ನಡೆಸುತ್ತಿದ್ದ ಕೊಳಗಳನ್ನೆಲ್ಲ ನಿಲ್ಲಿಸಿಬಿಟ್ಟಿತು. 1971ರಲ್ಲಿ ಸುಪ್ರೀಂ ಕೋರ್ಟ್ 5–4ರ ತೀರ್ಪಿನಲ್ಲಿ ಅದನ್ನು ಒಪ್ಪಿತು. ಯಾರಿಗೂ ಕೊಡದಿದ್ದರೆ ಅದು ಭೇದ ಅಲ್ಲ ಅಂತ ವಾದ. ಇಂಥ ಕಥೆ ಒಂದೇ ಊರಿನದಲ್ಲ. ಪಕ್ಕದ ಮಗುವಿನ ಬಣ್ಣಕ್ಕಾಗಿ ತಮ್ಮ ಮಕ್ಕಳ ಕೊಳವನ್ನೂ ಮುಚ್ಚಿದ ಊರುಗಳು ಹಲವು.

ಆಸ್ಟಿನ್ ಕೂಡ ಹೊರತಲ್ಲ. ಇಲ್ಲಿನ ಬಾರ್ಟನ್ ಸ್ಪ್ರಿಂಗ್ಸ್ ನೆಲದೊಳಗಿಂದ ಉಕ್ಕುವ ನೀರಿನ ಕೊಳ. ವರ್ಷವಿಡೀ ಒಂದೇ ತಂಪು. ಊರಿನ ಹೆಮ್ಮೆ. 1960ರಲ್ಲಿ ಅಲ್ಲಿ ಕಪ್ಪು ಜನ ಇಳಿಯುವ ಹಾಗಿರಲಿಲ್ಲ. ಜೋನ್ ಮೀನ್ಸ್ ಖಾಬೇಲೆ ಆಗ ಹೈಸ್ಕೂಲ್ ಹುಡುಗಿ. ಅವಳು ಆ ನೀರಿಗೆ ಹಾರಿದಳು. ಉಳಿದವರೂ ಇಳಿದರು. ಬಾಗಿಲು ತೆರೆಯಿತು. ಪೂರ್ವ ಆಸ್ಟಿನ್‌ನ ರೋಸ್‌ವುಡ್ ಪಾರ್ಕ್ 1928ರ ನಗರ ಯೋಜನೆ ಕಪ್ಪು ಜನರನ್ನು ಊರಿನ ಆ ಭಾಗಕ್ಕೆ ತಳ್ಳಿದ ಕಾಲದಲ್ಲಿ ಅವರಿಗೆಂದೇ ಮಾಡಿದ ಪಾರ್ಕ್. ಇವತ್ತು ಅಲ್ಲೂ ಒಂದು ಸ್ಪ್ಲಾಶ್ ಪ್ಯಾಡ್ ಇದೆ. ಯಾರೂ ಯಾರನ್ನೂ ಏನೂ ಕೇಳುವುದಿಲ್ಲ.

ಇದನ್ನೆಲ್ಲ ಒಂದು ಸಂಜೆ ಅಮ್ಮನಿಗೆ ಹೇಳಿದೆ. ಮಕ್ಕಳು ಕಂಬದ ಹತ್ತಿರ ಪಾಳಿ ಹಂಚಿಕೊಳ್ಳುತ್ತಿದ್ದರು. ಅವಳು ಕೇಳಿಸಿಕೊಂಡು, ತನ್ನ ಊರಿನ ಬಾವಿ ಬಗ್ಗೆ ಹೇಳಿದಳು. ನಾನು ಮುಂಚೆ ಕೇಳಿದ್ದಲ್ಲ. “ನಮ್ಮ ಬಾವಿತಾವ ಕೇರಿ ಹೆಣ್ಮಕ್ಕಳು ಕೊಡ ಇಟ್ಕಂಡು ದೂರ ನಿಂತಿರೋರು. ಸೇದಾಕೆ ಬಿಡ್ತಿರಲಿಲ್ಲ. ನಮ್ಮಜ್ಜಿಗೋ ಇನ್ಯಾರಿಗೋ ಮನಸ್ಸಾದ್ರೆ ಮೇಲಿಂದ ಹುಯ್ಯೋರು. ಒಂದೊಂದಿನ ಮಧ್ಯಾಹ್ನದವರೆಗೂ ನಿಂತೇ ಇರೋರು. ನಾನು ಚಿಕ್ಕೋಳು. ಆಡ್ಕಂಡು ನೋಡ್ತಿದ್ದೆ. ಯಾಕೆ ಅಂತ ಕೇಳ್ಲಿಲ್ಲ.” ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಹೇಳಿದಳು, “ಅವರ ಮಕ್ಕಳೂ ಜೊತೇಲಿ ನಿಂತಿರವು. ಅದೇ ಬಿಸ್ಲಾಗೆ.”

ಮಹಾರಾಷ್ಟ್ರದ ಮಹಾಡ್‌ನ ಚವದಾರ್ ಕೆರೆ ನನಗೆ ನೆನಪಾಯಿತು. ಪುರಸಭೆ ಆ ಕೆರೆಯನ್ನು ಎಲ್ಲರಿಗೂ ತೆರೆದು ಕಾಗದದಲ್ಲಿ ಬರೆದಾಗಿತ್ತು. ಆದರೂ ದಲಿತರಿಗೆ ಮುಟ್ಟಲು ಬಿಡುತ್ತಿರಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರ ಜೊತೆ ಹೋಗಿ ಆ ನೀರನ್ನು ಬೊಗಸೆಯಲ್ಲಿ ತೆಗೆದು ಕುಡಿದರು. ಸಾರ್ವಜನಿಕ ನೀರು ಅನ್ನುವುದು ನಮ್ಮಲ್ಲಿ ಹೋರಾಡಿ ಪಡೆದದ್ದು. ಇಲ್ಲೂ ಅಷ್ಟೇ. ಅಮ್ಮನ ಆ ಪ್ರಶ್ನೆಗೆ ಕಾರಂಜಿ ಪಕ್ಕ ನಾನು ಕೊಟ್ಟ ಉತ್ತರ ಬಾಯಿಗೆ ಸುಲಭವಾಗಿ ಬಂದಿತ್ತು. ಅದರ ಹಿಂದೆ ಎಷ್ಟು ಜನರ ಧೈರ್ಯ ಇದೆ ಅಂತ ಓದಿದ ಮೇಲೆ ತಿಳಿಯಿತು.

ಅಮ್ಮ ಹಿಂತಿರುಗಿದ ಮುಂದಿನ ಬೇಸಿಗೆ, 2024ರ ಮಾರ್ಚ್‌ನಲ್ಲಿ, ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರ. ಅವಳು ಅಲ್ಲಿ ತಮ್ಮನ ಮನೆಯಲ್ಲಿದ್ದಳು. ಬೋರ್‌ವೆಲ್ ಬತ್ತಿ, ಟ್ಯಾಂಕರ್‌ಗೆ ಕಾಯುವ ಕಥೆ ಫೋನಿನಲ್ಲಿ ಬರುತ್ತಿತ್ತು. ಕಾರು ತೊಳೆಯಲು, ಕೈತೋಟಕ್ಕೆ, ಕಾರಂಜಿಗೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತು. ಆ ಆದೇಶ ಸರಿಯಾಗಿಯೇ ಇತ್ತು. ಕುಡಿಯಲು ಇಲ್ಲದಾಗ ಆಟಕ್ಕೆಲ್ಲಿ?

ಆದರೂ ಬೆಂಗಳೂರಿಗೆ ಸ್ಪ್ಲಾಶ್ ಪ್ಯಾಡ್ ಬೇಡ ಅಂತ ನಾನು ಒಪ್ಪುವುದಿಲ್ಲ. ಆ ಊರು ಈಗ ಮೊದಲಿನ ಹಾಗೆ ತಂಪಾಗಿಲ್ಲ. 2016ರ ಏಪ್ರಿಲ್‌ನಲ್ಲೇ 39.2 ಡಿಗ್ರಿ ಮುಟ್ಟಿತ್ತು. ಏಪ್ರಿಲ್, ಮೇ ಅಂದರೆ ಶಾಲೆಗೆ ರಜೆ. ನಮ್ಮಲ್ಲಿ ಕಾರಂಜಿಗೆ ಕಡಿಮೆ ಇಲ್ಲ. ಬೃಂದಾವನದಿಂದ ಹಿಡಿದು ಊರೂರಿನ ವೃತ್ತದವರೆಗೂ ಇವೆ. ಎಲ್ಲವೂ ಕಂಬಿಯ ಆಚೆ. ನೋಡಬಹುದು, ಮುಟ್ಟುವ ಹಾಗಿಲ್ಲ. ಮುಟ್ಟಲು ಹೋದ ಮಗುವಿಗೆ ಸೀಟಿ ಊದುತ್ತಾರೆ. ಪಾರ್ಕ್‌ಗಳಿಗೆ ಬಹಳ ವರ್ಷ ಮಧ್ಯಾಹ್ನ ಬೀಗ ಬೀಳುತ್ತಿತ್ತು, ಬಿಸಿಲು ಜೋರಾಗಿ ನೆರಳು ಬೇಕಾದ ಹೊತ್ತಿಗೇ. ನೀರಲ್ಲಿ ಆಡಬೇಕೆಂದರೆ ಟಿಕೆಟ್ ಕೊಡಬೇಕು, ಇಲ್ಲವೇ ಅಪಾರ್ಟ್‌ಮೆಂಟ್‌ನಲ್ಲಿ ಮನೆ ಇರಬೇಕು. ನನ್ನ ತಮ್ಮನ ಅಪಾರ್ಟ್‌ಮೆಂಟ್‌ನಲ್ಲಿ ಈಜುಕೊಳ ಇದೆ. ಅಲ್ಲಿ ಪಾತ್ರೆ ತೊಳೆಯಲು ಬರುವ ಹೆಂಗಸಿನ ಮಗಳು ರಜೆಯಲ್ಲಿ ತಾಯಿಯ ಜೊತೆ ಬರುತ್ತಾಳೆ. ಅವಳು ಕೊಳದ ಪಕ್ಕದಲ್ಲೇ ಹಾದು ಹೋಗಬೇಕು, ಕಾಲಿಡುವ ಹಾಗಿಲ್ಲ. ಗೋಡೆ ಮೇಲೆ ನಿಯಮ ಬರೆದು ಅಂಟಿಸಿದ್ದಾರೆ. ಅಮ್ಮ ಇದನ್ನು ಫೋನಿನಲ್ಲಿ ಹೇಳುವಾಗ ಸಿಟ್ಟಾಗಿದ್ದಳು.

ನೀರು ತಿರುಗಿಸಿ ಬಳಸುವ ಏರ್ಪಾಡಾದರೆ ದಿನಾ ಹೊಸ ನೀರು ಬೇಕಾಗುವುದು ಕಡಿಮೆ, ಆವಿಯಾದದ್ದು, ಮೈಗೆ ಹತ್ತಿ ಹೋದದ್ದು, ಫಿಲ್ಟರ್ ತೊಳೆಯಲು ಹೋದದ್ದು ಅಷ್ಟೇ. ಕಂಬ ಮುಟ್ಟಿದಾಗ ಮಾತ್ರ ಹರಿಯಲಿ. ಬರ ಬಂದ ವರ್ಷ ಮುಚ್ಚಲಿ, ಆಮೇಲೆ ತೆರೆಯಲಿ. ಬೆಳಿಗ್ಗೆ ನೀರು ಪರೀಕ್ಷೆ ಮಾಡುವ ಒಬ್ಬ ಮನುಷ್ಯನಿಗೆ ಸರಿಯಾದ ಸಂಬಳ ಕೊಡಲಿ, ಅವತ್ತಿನ ಕ್ಲೋರಿನ್ ಎಷ್ಟು ಅಂತ ಕನ್ನಡದಲ್ಲಿ ಬೋರ್ಡಿನ ಮೇಲೆ ಬರೆಯಲಿ. ಆ ಬೋರ್ಡ್ ಖಾಲಿ ಇದ್ದ ದಿನ ನೀರು ಬಿಡಬಾರದು.

ಮತ್ತೆ ಮೊದಲನೆಯದನ್ನು ಜಯನಗರದ ದೊಡ್ಡ ಪಾರ್ಕ್‌ನಲ್ಲಿ ಕಟ್ಟುವುದು ಬೇಡ. ಸರ್ಕಾರಿ ಶಾಲೆಯ ಪಕ್ಕ ಕಟ್ಟಲಿ, ಕಟ್ಟಡ ಕೆಲಸದವರ ಶೆಡ್ಡುಗಳ ಹತ್ತಿರ, ಅಂಗನವಾಡಿ ಎದುರಿಗೆ. ಏಪ್ರಿಲ್ ಮಧ್ಯಾಹ್ನ ತಗಡಿನ ಮನೆಯೊಳಗೆ ಹೊರಗಿಗಿಂತ ಜಾಸ್ತಿ ಸೆಕೆ. ಅಲ್ಲಿನ ಮಕ್ಕಳಿಗೆ ಏಸಿ ಇಲ್ಲ, ಕಾರು ಇಲ್ಲ, ಅಪಾರ್ಟ್‌ಮೆಂಟ್ ಕೊಳ ಇಲ್ಲ. ಅವರು ಬರಿಗಾಲಲ್ಲಿ ನಡೆದು ಬರುವಷ್ಟು ಹತ್ತಿರ ಇರಬೇಕು.